ಬೇಸಿಗೆಯ ಅಂಕಿಗಳು

ಕಂಪ್ಯೂಟರಿನ ಕಪ್ಪು ಸೆಟ್ಟಿಂಗ್ ಪರದೆಯಲ್ಲಿ ಮೆಮೊರಿಯ ವೇಗವನ್ನು ಮೂರು ಸಾವಿರದ ನಾನ್ನೂರರಿಂದ ಎರಡು ಸಾವಿರದ ನೂರಾ ಮೂವತ್ತಮೂರಕ್ಕೆ ಇಳಿಸಿ ಅವಳು ಮುಂದಿನ ಸಾಲಿಗೆ ಬಂದಳು. ಅಲ್ಲಿ ಪ್ರೊಸೆಸರಿನ ಬೂಸ್ಟ್ ಇತ್ತು. ಕೆಲಸದ ಒತ್ತಡ ಬಿದ್ದಾಗ ಪ್ರೊಸೆಸರ್ ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳಲಿ ಎಂದು ಇರುವ ಏರ್ಪಾಡು ಅದು. ಅದನ್ನೂ ಆಫ್ ಮಾಡಿದಳು. ಮೆಮೊರಿಯೊಂದನ್ನೇ ಇಳಿಸಿದರೆ ಅದನ್ನು ಸರಿಮಾಡುವುದು ಗಂಡನಿಗೆ ಒಂದು ದಿನದ ಕೆಲಸ. ಎರಡನ್ನೂ ಇಳಿಸಿದರೆ ಮೂರು ದಿನ ಕಳೆಯುತ್ತದೆ. ಅನುಭವದಿಂದ ಕಂಡುಕೊಂಡ ಲೆಕ್ಕ.

"ಮತ್ತೆ ಆ ಕಪ್ಪು ಪರದೆ ತೆಗೆದುಕೊಂಡು ಕೂತ್ಯಾ?" ಅತ್ತೆ ಬಟಾಣಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಏನಂತೆ ಅದಕ್ಕೆ? ಮೈಗೆ ಹುಷಾರಿಲ್ವಂತಾ?"

"ಸ್ವಲ್ಪ ನಿಧಾನ ಆಗಿದೆ ಅತ್ತೆ."

"ನನ್ನ ಮಗ ಬರೋ ಹೊತ್ತಿಗೆ ಸರಿಯಾಗಿ ಕಾಯಿಲೆ ಬೀಳುತ್ತಲ್ಲೇ ನಿನ್ನ ಡಬ್ಬ. ವರ್ಷವೆಲ್ಲ ಗುಂಡುಕಲ್ಲಿನ ಹಾಗಿರುತ್ತೆ, ಅವನ ಹಡಗು ದಡಕ್ಕೆ ಬಂತು ಅಂದ ಕೂಡಲೇ ನರಳೋಕೆ ಶುರು."

ಅವಳು ನಕ್ಕಳು. ಅತ್ತೆ ಬಾಯಿ ಜೋರಿನ ಹೆಂಗಸು. ಆದರೆ ಬಾಯಿಗಿಂತ ಅವರ ಕಣ್ಣು ಇನ್ನೂ ಜೋರು ಎಂಬುದು ಅವಳಿಗೆ ಗೊತ್ತಿತ್ತು.

ಗಂಡ ಸರಕಿನ ಹಡಗಿನಲ್ಲಿ ಎಂಜಿನಿಯರ್. ಎಂಟು ತಿಂಗಳು ನೀರಿನ ಮೇಲೆ, ಎರಡು ತಿಂಗಳು ಮನೆಯಲ್ಲಿ. ಮದುವೆಯಾದ ಒಂಬತ್ತು ವರ್ಷದಲ್ಲಿ ಅವನ ರಜೆಗಳೆಲ್ಲ ಹೇಗೋ ಹಿಂದೆ ಮುಂದೆ ಆಗಿ ಮಳೆಗೋ ಚಳಿಗೋ ಬಿದ್ದಿದ್ದವು. ಈ ಸಲ ಹಡಗಿನ ವೇಳಾಪಟ್ಟಿ ಬದಲಾಗಿ, ನಡು ಬೇಸಿಗೆಯಲ್ಲಿ, ನಾಡಿದ್ದು ಬರುವವನಿದ್ದ. ಅವಳದು ಮನೆಯಲ್ಲೇ ಕೂತು ಮಾಡುವ ಕೆಲಸ. ವಾಸ್ತುಶಿಲ್ಪಿಗಳು ಗೆರೆಗಳ ನಕ್ಷೆ ಕಳಿಸುತ್ತಾರೆ. ಅವಳು ಕಂಪ್ಯೂಟರಿನಲ್ಲಿ ಗೋಡೆ ನಿಲ್ಲಿಸಿ, ಕಿಟಕಿ ಕೂರಿಸಿ, ಬಿಸಿಲು ಬಿಟ್ಟು, ಫೋಟೋ ತೆಗೆದಂತೆ ಚಿತ್ರ ಮಾಡಿಕೊಡುತ್ತಾಳೆ. ಯಾರೂ ಇನ್ನೂ ಕಾಲಿಡದ ಮನೆಗಳಲ್ಲಿ ಸಂಜೆಯ ಬೆಳಕು ಎಲ್ಲಿಯವರೆಗೆ ಬರುತ್ತದೆಂದು ಮೊದಲು ನೋಡುವವಳು ಅವಳೇ. ಒಂದೊಂದು ಚಿತ್ರಕ್ಕೂ ಆ ಯಂತ್ರ ಅರ್ಧ ಗಂಟೆ ಒಂದೇ ಸಮನೆ ಲೆಕ್ಕ ಹಾಕಬೇಕು.

ಮೊದಲ ಸಲ ಯಂತ್ರ ನಿಜವಾಗಿಯೇ ನಿಧಾನವಾಗಿತ್ತು. ಒಳಗಿನ ಬಟನ್ನಿನಂಥ ಬ್ಯಾಟರಿ ಸತ್ತು, ಸೆಟ್ಟಿಂಗ್ ಎಲ್ಲ ಅಳಿಸಿ ಹೋಗಿತ್ತು. ಗಂಡ ಬಂದವನು ಸೂಟ್‌ಕೇಸ್ ಬಿಚ್ಚುವ ಮೊದಲು ಅದರ ಹೊಟ್ಟೆ ಬಿಚ್ಚಿದ. ಡಬ್ಬದ ಮೇಲೆ ಬರೆದ ವೇಗ ಅವನಿಗೆ ಸಾಲದು. "ಕಂಪನಿಯವರು ಹೆದರಿಕೊಂಡು ಬರೆದಿರ್ತಾರೆ ಕಣೇ. ಇದರ ದಮ್ಮು ಎಷ್ಟಿದೆ ಅಂತ ನಾವು ನೋಡಬೇಕು" ಎಂದು ಒಂದೊಂದೇ ಮೆಟ್ಟಿಲು ಏರಿಸಿದ. ಏರಿಸಿದಾಗಲೆಲ್ಲ ಪರೀಕ್ಷೆ. ಮೆಮೊರಿ ಪರೀಕ್ಷೆಯೆಂದರೆ ನಾಲ್ಕು ಗಂಟೆ. ಅಷ್ಟು ಹೊತ್ತು ಯಂತ್ರ ಬೇರೆ ಕೆಲಸಕ್ಕೆ ಒದಗುವುದಿಲ್ಲ. ಹಾಗಾಗಿ ಅವಳ ಕೈಯೂ ಖಾಲಿ. ತಪ್ಪು ಬಂದರೆ ಪರದೆಯಲ್ಲಿ ಕೆಂಪು ಗೆರೆ ಮೂಡುತ್ತದೆ. ಅದು ಯಾವ ಗಳಿಗೆಯಲ್ಲಿ ಮೂಡಿತೆಂದು ಕಣ್ಣಾರೆ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಇಬ್ಬರೂ ಕುರ್ಚಿ ಎಳೆದುಕೊಂಡು, ಬೆಳೆಯುವ ಅಂಕಿಗಳನ್ನು ನೋಡುತ್ತ ಕೂತರು.

ಮೊದಲ ಗಂಟೆ ಮಾತಿರಲಿಲ್ಲ. ಎರಡನೆಯ ಗಂಟೆಯಲ್ಲಿ ಅವನು ಎಂಜಿನ್ ಕೋಣೆಯ ಸದ್ದಿನ ಬಗ್ಗೆ ಹೇಳಿದ. ರಜೆಗೆ ಬಂದ ಮೊದಲ ವಾರ ಮನೆಯ ಮೌನಕ್ಕೆ ನಿದ್ದೆ ಬರುವುದಿಲ್ಲ ಎಂದ. ಮೂರನೆಯ ಗಂಟೆಯಲ್ಲಿ ಅವಳ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಹೆಬ್ಬೆರಳ ಬುಡ ಸವರಿ, "ಇದು ಯಾವಾಗ ಆಗಿದ್ದು?" ಎಂದು ಕೇಳಿದ. ಐದು ತಿಂಗಳ ಹಿಂದೆ ಗಾಜು ಕೊಯ್ದ ಗಾಯ. ಒಣಗಿ ಬಿಳಿ ಗೆರೆಯಾಗಿತ್ತು. ಬೇರೆ ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಕೆಂಪು ಗೆರೆ ಬಂತು. ಅವನು ಥತ್ ಎಂದ. ಇನ್ನೂ ನಾಲ್ಕು ಗಂಟೆ ಸಿಕ್ಕಿತಲ್ಲ ಎಂದು ಅವಳ ಎದೆ ಕುಣಿಯಿತು.

ಮುಂದಿನ ರಜೆಯಲ್ಲಿ ಯಂತ್ರ ಚೆನ್ನಾಗಿತ್ತು. ಅವನು ಬಾಗಿಲಿನ ಕೀಲುಗಳಿಗೆ ಎಣ್ಣೆ ಹಾಕಿದ, ಪಂಪು ಬಿಚ್ಚಿ ಜೋಡಿಸಿದ, ಪಕ್ಕದ ಮನೆಯ ಪಂಪನ್ನೂ ಬಿಚ್ಚಿದ, ಎದುರುಮನೆಯವರ ಫ್ರಿಜ್ಜಿನ ಹಿಂದೆ ಒಂದು ಇಡೀ ವಾರ ಕಳೆದ. ಕೆಟ್ಟಿರದ ವಸ್ತುವಿನ ಪಕ್ಕದಲ್ಲಿ ಅವನು ಹತ್ತು ನಿಮಿಷ ಕೂರಲಾರ. ಮನೆಯಲ್ಲಿ ಕೆಟ್ಟಿರದ ವಸ್ತುಗಳ ಪೈಕಿ ಹೆಂಡತಿಯೂ ಒಬ್ಬಳಾಗಿದ್ದಳು. ಹೊರಡುವ ದಿನ ಕಾರಿನ ಬಾಗಿಲು ಹಿಡಿದು, "ಈ ಸಲ ನಾವು ಸರಿಯಾಗಿ ಮಾತೇ ಆಡಲಿಲ್ಲ ಅಲ್ವೇನೇ?" ಎಂದ, ಅದೂ ಆಗಷ್ಟೇ ಹೊಳೆದವನ ಹಾಗೆ.

ಅದರ ಮುಂದಿನ ರಜೆಗೆ ಎರಡು ದಿನ ಮೊದಲು ಅವಳು ಕಪ್ಪು ಪರದೆ ತೆರೆದು ತನ್ನ ಕೈಯಾರೆ ವೇಗ ಇಳಿಸಿದಳು. ಇದು ನಾಲ್ಕನೆಯ ಸಲ.

ಉಳಿಸಿ ಹೊರಬಂದು ಯಂತ್ರ ಇನ್ನೂ ಏಳುತ್ತಿತ್ತು, ಅಷ್ಟರಲ್ಲಿ ಫೋನ್ ಬಂತು. ಅರ್ಜೆಂಟಮ್ಮ. ಆಕೆ ದೊಡ್ಡ ವಾಸ್ತುಶಿಲ್ಪಿ. ಒಂಬತ್ತು ವರ್ಷದಲ್ಲಿ ಒಂದು ದಿನವೂ ನಿಧಾನವಾಗಿ ಏನನ್ನೂ ಕೇಳಿದವಳಲ್ಲವಾದ್ದರಿಂದ ಆ ಹೆಸರು.

"ಕೂತಿದ್ದೀಯೋ ನಿಂತಿದ್ದೀಯೋ?"

"ಕೂತಿದ್ದೀನಿ ಮೇಡಂ."

"ಹಾಗಾದ್ರೆ ಏಳಬೇಡ. ಆ ಡಾಕ್ಟರ ಮನೆ ಇದೆಯಲ್ಲ, ಅವರ ಹೆಂಡತಿಗೆ ಈಗ ಊಟದ ಕೋಣೆ ಕಿಟಕಿ ಪಶ್ಚಿಮಕ್ಕೆ ಬೇಕಂತೆ. ಆರು ಚಿತ್ರ. ನಾಲ್ಕು ಗಂಟೆಗೆ ಬರ್ತಾರೆ."

"ಇವತ್ತಾ?"

"ನಾಳೆ ಆಗಿದ್ರೆ ನಾನ್ಯಾಕಮ್ಮ ಇವತ್ತು ಉಸಿರು ಕಟ್ಕೊಂಡು ಮಾತಾಡ್ತಿದ್ದೆ? ಅವರು ಇನ್ನೊಬ್ಬನ ಹತ್ರ ಆಗಲೇ ಹೋಗಿ ಬಂದಿದ್ದಾರೆ. ಇವತ್ತು ತೋರಿಸದೇ ಇದ್ರೆ ಆ ಮನೆ ನಮ್ಮ ಕೈ ಬಿಟ್ಟ ಹಾಗೆ."

ಅವಳು ಗಡಿಯಾರ ನೋಡಿದಳು. ಹನ್ನೊಂದು. ಕಿಟಕಿ ಬದಲಿಸಲು ಮುಕ್ಕಾಲು ಗಂಟೆ. ಪೂರ್ಣ ವೇಗದಲ್ಲಿ ಆರು ಚಿತ್ರಕ್ಕೆ ಮೂರು ಗಂಟೆ. ಈಗ ತಾನೇ ಇಳಿಸಿದ ವೇಗದಲ್ಲಾದರೆ ಐದು. ನಾಡಿದ್ದಿನ ಸುಖಕ್ಕೆ ಹೆಣೆದ ಬಲೆಗೆ ಇವತ್ತು ತನ್ನ ಕಾಲೇ ಸಿಕ್ಕಿಕೊಂಡಿತಲ್ಲ ಎಂದುಕೊಂಡು, ಕಿಟಕಿಯನ್ನು ಪಶ್ಚಿಮಕ್ಕೆ ಕೂರಿಸಿ, ಯಂತ್ರವನ್ನು ನಿಲ್ಲಿಸಿ ಮತ್ತೆ ಕಪ್ಪು ಪರದೆಗೆ ಹೋದಳು.

ಆ ಪರದೆಯ ಮೂಲೆಯಲ್ಲಿ ಸೆಟ್ಟಿಂಗ್ ಕೂಡಿಡುವ ಎಂಟು ಖಾನೆಗಳಿವೆ. ಮೊದಲನೆಯದರಲ್ಲಿ ಗಂಡ ಹೋದ ರಜೆಯಲ್ಲಿ ಕೂಡಿಟ್ಟ ಅಂಕಿಗಳು: ಮೆಮೊರಿ ಮೂರು ಸಾವಿರದ ಆರುನೂರು, ಬೂಸ್ಟ್ ಪೂರ್ತಿ. ಉಳಿದ ಏಳೂ ಖಾಲಿ. ಅವಸರದಲ್ಲಿ ಅವಳು ಆ ಮೊದಲ ಖಾನೆಯನ್ನೇ ಆರಿಸಿದಳು. ಒಂದೇ ಒತ್ತು, ಎಲ್ಲ ತಾನಾಗಿ ಬಂದು ಕೂತವು. ಫ್ಯಾನು ಗುಂಯ್ ಎಂದಿತು.

ಮೊದಲ ಚಿತ್ರ ಇಪ್ಪತ್ತೆಂಟು ನಿಮಿಷದಲ್ಲಿ ಮುಗಿಯಿತು. ಪಶ್ಚಿಮದ ಬಿಸಿಲು ಊಟದ ಮೇಜಿನ ಮೇಲೆ ಉದ್ದಕ್ಕೆ ಮಲಗಿತ್ತು. ಎರಡನೆಯದು ಮುಗಿಯಲು ಇನ್ನೇನು ಎರಡು ನಿಮಿಷವಿತ್ತು, ಪರದೆ ಹಾಗೇ ನಿಂತುಬಿಟ್ಟಿತು. ಮೌಸ್ ಅಲ್ಲಾಡಲಿಲ್ಲ. ಫ್ಯಾನು ಮಾತ್ರ ತಿರುಗುತ್ತಲೇ ಇತ್ತು.

"ಅಯ್ಯೋ ನನ್ನ ಬುದ್ಧಿಗೆ!" ಎಂದು ಅವಳು ಹಣೆ ಚಚ್ಚಿಕೊಂಡಳು. ಹೊರಗೆ ರಸ್ತೆಯ ಡಾಂಬರು ಹೊಳೆಯುವಂಥ ಬಿಸಿಲು. ಕೋಣೆಯ ಗೋಡೆಯೇ ಬೆಚ್ಚಗಿತ್ತು. ಈ ಕಾಲದಲ್ಲಿ ಅವನ ಅಂಕಿಗಳು ನಿಲ್ಲುವುದಿಲ್ಲ. ಅದು ಅವಳಿಗೆ ಗೊತ್ತಿದ್ದದ್ದೇ. ಅವನು ಪರೀಕ್ಷೆ ಮಾಡಿದ್ದೆಲ್ಲ ಮಳೆಗಾಲದ ಚಳಿಯಲ್ಲಿ, ಇಬ್ಬರೂ ಒಂದೇ ಶಾಲು ಹೊದ್ದು ಕೂತಾಗ. ಬೇಸಿಗೆ ಏರಿದರೆ ಮೆಮೊರಿ ಕಾಯುತ್ತದೆ, ಕಾದರೆ ತಪ್ಪು ಮಾಡುತ್ತದೆ. ಹೋದ ವರ್ಷ ಈ ದಿನಗಳಲ್ಲಿ ಯಂತ್ರ ಮೂರು ಸಲ ಹೀಗೇ ನಿಂತಾಗ, ಅವಳು ಹದಿನೈದು ದಿನ ಒಬ್ಬಳೇ ಕೂತು, ಒಂದೊಂದೇ ಮೆಟ್ಟಿಲು ಇಳಿಸಿ, ಪರೀಕ್ಷೆ ಹಚ್ಚಿ, ಕೆಂಪು ಗೆರೆ ಕಂಡು, ಮತ್ತೆ ಇಳಿಸಿ, ಈ ಕೋಣೆಯ ಸೆಕೆಗೆ ಒಗ್ಗುವ ಅಂಕಿಗಳನ್ನು ಹುಡುಕಿದ್ದಳು. ಮೂರು ಸಾವಿರದ ನಾನ್ನೂರು. ಬೂಸ್ಟ್ ಪೂರ್ತಿ ಅಲ್ಲ, ಒಂದು ಕೂದಲು ಕಡಿಮೆ. ವರ್ಷದ ಉಳಿದ ತಿಂಗಳೆಲ್ಲ ಯಂತ್ರ ಓಡಿದ್ದು ಅವುಗಳ ಮೇಲೆ. ಆದರೆ ಅವನು ಬರುವ ಮುನ್ನ ಅಳಿಸಬೇಕಾದ ಅಂಕಿಗಳೆಂದು ಅವನ್ನೆಲ್ಲೂ ಕೂಡಿಟ್ಟಿರಲಿಲ್ಲ. ಅವು ಇದ್ದದ್ದು ಅವಳ ತಲೆಯಲ್ಲಿ ಮಾತ್ರ.

ಯಂತ್ರವನ್ನು ಮತ್ತೆ ಎಬ್ಬಿಸಿ, ಒಂದೊಂದಾಗಿ ಅವನ್ನು ತುಂಬಿದಳು. ಹನ್ನೆರಡು ಮುಕ್ಕಾಲು. ಇನ್ನೂ ಐದು ಚಿತ್ರ ಬಾಕಿ.

"ಊಟಕ್ಕೆ ಬಾರೇ" ಎಂದು ಕರೆದ ಅತ್ತೆ, ಅವಳು ಏಳದಿದ್ದಾಗ ತಟ್ಟೆಯನ್ನೇ ತಂದು ಮೇಜಿನ ಮೇಲಿಟ್ಟರು. "ಸದ್ಯ, ಇದು ಬೇರೆ ಥರ ಸದ್ದು ಮಾಡ್ತಿದೆ ಈಗ. ಆಗ ಅರಚಾಡ್ತಿತ್ತು. ಈಗ ಹೊಟ್ಟೆ ತುಂಬಿದ ಬೆಕ್ಕಿನ ಹಾಗಿದೆ."

ಎರಡು ಗಂಟೆಗೆ, ನಾಲ್ಕನೆಯ ಚಿತ್ರ ನಡೆಯುತ್ತಿದ್ದಾಗ, ಗಂಡನ ಫೋನ್. ಬಂದರಿನ ಗದ್ದಲ ಹಿಂದೆ ಕೇಳುತ್ತಿತ್ತು.

"ಮಷೀನ್ ಹೇಗಿದೆ?"

ಅವನ ಮೊದಲ ಮಾತು ಯಾವಾಗಲೂ ಅದೇ. ಎರಡನೆಯದು ಅಮ್ಮನ ಮಂಡಿನೋವು. ಅವಳ ಸರದಿ ಬರುವುದು ಮೂರನೆಯದಾಗಿ, ಅದೂ ಲೈನು ಚೆನ್ನಾಗಿದ್ದರೆ.

"ಓಡ್ತಿದೆ."

"ಹೋದ ಸಲ ನಾನು ಕೂರಿಸಿದ್ದೇ ಇದೆ ತಾನೇ? ಬಂಡೆ ಥರ ಕೂರಿಸಿದ್ದೀನಿ ಕಣೇ, ಅಲ್ಲಾಡಲ್ಲ."

ಅವಳು ಫ್ಯಾನಿನ ಕಡೆ ನೋಡಿದಳು. "ಇಲ್ಲಿ ತುಂಬಾ ಸೆಕೆ" ಎಂದಳು.

"ಹೌದಾ? ಈ ತಿಂಗಳಲ್ಲಿ ನಮ್ಮ ಮನೇಲಿ ಸೆಕೆ ಇರುತ್ತಾ?"

ಅವನು ನಿಜವಾಗಿಯೇ ಕೇಳಿದ್ದ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಹೊಸ ಊರಿಗೆ ಹೊರಟವನು ಅಲ್ಲಿಯ ಹವೆ ವಿಚಾರಿಸುವಂತಿತ್ತು. ಮದುವೆಯ ವರ್ಷ ಕೊಂಡ ಈ ಮನೆಯ ಬೇಸಿಗೆಯನ್ನು ಅವನು ಕಂಡೇ ಇಲ್ಲ. ಮಧ್ಯಾಹ್ನ ಈ ಕೋಣೆಯ ಕಿಟಕಿ ಪರದೆ ಎಳೆದು ಕೂರಬೇಕೆಂದು, ಅತ್ತೆ ಈ ದಿನಗಳಲ್ಲಿ ನಡುಮನೆಯ ನೆಲದ ಮೇಲೆ ಮಲಗುತ್ತಾರೆಂದು, ಅವಳು ಕೂದಲನ್ನು ಎತ್ತಿ ಕಟ್ಟಿಕೊಂಡು ಒದ್ದೆ ಬಟ್ಟೆ ಕೊರಳಿಗೆ ಹಾಕಿಕೊಂಡು ಕೆಲಸ ಮಾಡುತ್ತಾಳೆಂದು ಅವನಿಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಅವನು ಬರುವ ಮೊದಲು ಅವಳೇ ಎಲ್ಲದರ ಗುರುತು ಅಳಿಸಿ, ಅವನು ಬಿಟ್ಟುಹೋದ ಹಾಗೇ ಮನೆಯನ್ನು, ತನ್ನನ್ನು, ಯಂತ್ರವನ್ನು ತೆಗೆದಿಟ್ಟಿರುತ್ತಾಳೆ. ಸಾಲದ್ದಕ್ಕೆ ಒಂದು ಸಣ್ಣ ಕಾಯಿಲೆಯನ್ನೂ ಹಚ್ಚಿಟ್ಟಿರುತ್ತಾಳೆ.

"ಇರುತ್ತೆ" ಎಂದಳು. "ಬೆಂದು ಹೋಗೋಷ್ಟು ಇರುತ್ತೆ."

"ಅಯ್ಯೋ ಪಾಪ" ಎಂದ ಅವನು. ಆಮೇಲೆ, "ಮನೇಲಿ ಏನಾದ್ರೂ ಕೆಟ್ಟಿದ್ರೆ ಹೇಳು, ಇಲ್ಲೇ ಸಾಮಾನು ಸಿಗುತ್ತೆ, ತರ್ತೀನಿ. ಸುಮ್ನೆ ಎರಡು ತಿಂಗಳು ಕೂತು ಏನು ಮಾಡ್ಲಿ?"

"ನೋಡಿ ಹೇಳ್ತೀನಿ."

ಮೂರೂವರೆಗೆ ಆರನೆಯ ಚಿತ್ರ ಮುಗಿಯಿತು. ಅವಳ ಅಂಕಿಗಳ ಮೇಲೆ ಒಂದು ಸಲವೂ ಯಂತ್ರ ನಿಲ್ಲಲಿಲ್ಲ. ಕಳಿಸಿದ ಐದು ನಿಮಿಷಕ್ಕೆ ಅರ್ಜೆಂಟಮ್ಮನ ಉತ್ತರ ಬಂತು: "ಬದುಕಿದೆ. ನಿನ್ನ ಗಂಡನಿಗೆ ಹೇಳು, ಅವನ ಮಷೀನಿಗೆ ನನ್ನ ನಮಸ್ಕಾರ."

ಅವಳು ಅದನ್ನು ಎರಡು ಸಲ ಓದಿದಳು.

ಮತ್ತೆ ಇಳಿಸುವುದಿತ್ತು. ಕಪ್ಪು ಪರದೆ ತೆರೆದು ಮೆಮೊರಿಯ ಸಾಲಿನ ಮೇಲೆ ಬಂದು ನಿಂತಳು. ಎರಡು ಒತ್ತು ಸಾಕು. ನಾಡಿದ್ದು ಅವನು ಮುಖ ತೊಳೆಯುವ ಮೊದಲೇ ಈ ಕೋಣೆಗೆ ಬರುತ್ತಾನೆ, ಅವನ ಮೊಣಕೈ ತನ್ನ ಮೊಣಕೈಗೆ ತಾಗುತ್ತದೆ, ಕೂತ ಮೂರನೆಯ ಗಂಟೆಗೆ ಅವನ ದನಿ ಮೆತ್ತಗಾಗುತ್ತದೆ. ಆ ಮೂರನೆಯ ಗಂಟೆಗಾಗಿ ಅವಳು ಎಂಟು ತಿಂಗಳು ಬದುಕಿದ್ದಳು. ಇಳಿಸದಿದ್ದರೆ ಅವನು ಪಂಪಿನ ಕಡೆ ಹೋಗಬಹುದು. ಎದುರುಮನೆಯ ಫ್ರಿಜ್ಜು ಮತ್ತೆ ಕೆಟ್ಟಿದೆಯೆಂದು ಅತ್ತೆ ಮೊನ್ನೆಯಷ್ಟೇ ಹೇಳಿದ್ದರು. ಎರಡು ತಿಂಗಳು ಹಾಗೇ ಸೋರಿಹೋಗಿ, ಕಾರಿನ ಬಾಗಿಲ ಬಳಿ ಅವನಿಗೆ ಮತ್ತೊಮ್ಮೆ ಏನೋ ಹೊಳೆಯಬಹುದು.

ಅವಳ ಬೆರಳು ಕೀಲಿಯ ಮೇಲೇ ಇತ್ತು. ಅವನು ತನ್ನ ಪಕ್ಕದಲ್ಲಿ ಕೂರಲಿ ಎಂಬ ಆಸೆ ಈಗಲೂ ಅಷ್ಟೇ ಇತ್ತು, ಬೆಳಗಿಗಿಂತ ಹೆಚ್ಚೇ ಇತ್ತು. ಆದರೆ ಇಷ್ಟು ವರ್ಷ ಅವನು ಬಂದು ಕೂತದ್ದು ಯಂತ್ರದ ಪಕ್ಕ. ಅದರ ಇನ್ನೊಂದು ಪಕ್ಕಕ್ಕೆ ಅವಳಿದ್ದಳು, ಅಷ್ಟೆ.

ಬೆರಳನ್ನು ಮೆಮೊರಿಯ ಸಾಲಿನಿಂದ ತೆಗೆದು ಖಾನೆಗಳ ಕಡೆ ಹೋದಳು. ಅವನ ಖಾನೆಯನ್ನು ಮುಟ್ಟಲಿಲ್ಲ. ಎರಡನೆಯ, ಖಾಲಿ ಖಾನೆಯಲ್ಲಿ ತನ್ನ ಅಂಕಿಗಳನ್ನು ಕೂಡಿಟ್ಟಳು. ಯಂತ್ರ ಹೆಸರು ಕೇಳಿತು. 'ಬೇಸಿಗೆ' ಎಂದು ಕೊಟ್ಟಳು. ಆ ಪರದೆ ತೆರೆದ ದಿನ ಅವನಿಗೆ ಅದು ಕಣ್ಣಿಗೆ ಬೀಳುತ್ತದೆ. ಯಾರು ಮಾಡಿದ್ದು ಎನ್ನುತ್ತಾನೋ, ಮುಖ ಚಿಕ್ಕದು ಮಾಡಿಕೊಳ್ಳುತ್ತಾನೋ, ಕುರ್ಚಿ ಎಳೆದುಕೊಂಡು ಹೇಗೆ ಕಂಡುಹಿಡಿದೆ ಹೇಳು ಎನ್ನುತ್ತಾನೋ, ಅವಳಿಗೆ ತಿಳಿಯದು. ತೆರೆಯದೇ ಹೋದರೂ ಹೋದ.

"ಸರಿ ಹೋಯ್ತೇನೇ ಅದು?" ಅತ್ತೆ ನಡುಮನೆಯಿಂದ ಕೂಗಿದರು. "ಇಲ್ಲಾಂದ್ರೆ ಬಿಡು, ನಾಡಿದ್ದು ಅವನೇ ನೋಡ್ಕೋತಾನೆ."

"ಸರಿ ಇದೆ ಅತ್ತೆ."

"ಹಾಗಾದ್ರೆ ಅವನಿಗೆ ಈ ಸಲ ಕೆಲಸವೇ ಇಲ್ವಲ್ಲೇ! ಏನು ಮಾಡ್ತಾನಂತೆ ಎರಡು ತಿಂಗಳು?"

ಅವಳು ಫೋನ್ ತೆಗೆದು ಗಂಡನಿಗೆ, "ಏನೂ ಕೆಟ್ಟಿಲ್ಲ. ಏನೂ ತರಬೇಡಿ" ಎಂದು ಬರೆದಳು. ಕಳಿಸಿದ ಮೇಲೆ ಎದ್ದು ಹೋಗಿ ಕೊರಳಿನ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಹಾಕಿಕೊಂಡು ಬಂದು ಕೆಲಸಕ್ಕೆ ಕೂತಳು.