ಪೇಂಟ್‌ನಲ್ಲಿ ಬಿಡಿಸಿದ ಮೆಣಸಿನಕಾಯಿ

ಚಿತ್ರ ನೋಡಿದ ರಾಘವೇಂದ್ರನಿಗೆ ಸೀನು ಬರುವುದೊಂದು ಬಾಕಿ. ಬೇಗಂ ಬಜಾರಿನ ಅಂಗಡಿ, ಬಾಯಿ ತೆರೆದ ಚೀಲಗಳಲ್ಲಿ ಒಣಮೆಣಸಿನಕಾಯಿ, ಮೂಗಿಗೆ ಟವೆಲ್ ಒತ್ತಿಕೊಂಡ ಹಮಾಲ. ಹಿಮಾಯತ್‌ನಗರದ ಆ ಅನಿಮೇಷನ್ ಸ್ಟುಡಿಯೋದ ಯಜಮಾನ ಅವನೇ, ಊರು ತೆಲುಗರದ್ದಾದರೂ ತಾನು ಮೈಸೂರಿನವನು. ಕೆಲಸ ಕೇಳಿ ಬಂದ ಹುಡುಗಿ ರಾಯಚೂರು ಕಡೆಯವಳೆಂದು ತಿಳಿದದ್ದೇ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿದ.

“ಚೆನ್ನಾಗಿದೆ ವಿಜಯಶ್ರೀ. ಯಾವ ಸಾಫ್ಟ್‌ವೇರ್?”

“ಪೇಂಟ್ ಸರ್. ಕಂಪ್ಯೂಟರ್ ಜೋಡಿ ಪುಕ್ಕಟೆ ಬರ್ತೈತಲ್ರಿ, ಅದ.”

ರಾಘವೇಂದ್ರ ನಕ್ಕ. ಒಳಗಿದ್ದ ಹುಡುಗರನ್ನೆಲ್ಲ ಕರೆದು ತೋರಿಸಿದ, ಅವರೂ ನಕ್ಕರು. ಕುಣಿಯಲು ಬಾರದವರು ನೆಲ ಡೊಂಕು ಅಂತಾರೆ. ಇವರು ಅಮೃತಶಿಲೆ ಹಾಸಿಕೊಂಡೂ ಕುಣಿಯದೆ ಕೂತ ಜನ. ಆ ಅಮೃತಶಿಲೆಯಾದರೂ ಸ್ವಂತದ್ದೇ? ಯಂತ್ರಗಳಲ್ಲಿದ್ದ ದುಬಾರಿ ಸಾಫ್ಟ್‌ವೇರೆಲ್ಲ ಫುಟ್‌ಪಾತಿನ ಕಳ್ಳ ಸಿಡಿಯದೆಂಬುದು ಮೇಜಿನ ಮೇಲೆ ಬಿದ್ದಿದ್ದ ಸಿಡಿಗಳನ್ನು ನೋಡಿದರೇ ತಿಳಿಯುತ್ತಿತ್ತು.

“ನೋಡಿ, ಕ್ಲೈಂಟ್ ಅಮೆರಿಕದವನು. ಪೇಂಟ್ ಅಂದ್ರೆ ಮಕ್ಕಳಾಟ ಅಂದ್ಕೋತಾನೆ. ಬಯೋಡೇಟಾದಲ್ಲಿ ನಮ್ಮ ಸಾಫ್ಟ್‌ವೇರ್ ಹೆಸರು ಹಾಕಿ, ನಾಳೆಯಿಂದಲೇ ಬನ್ನಿ” ಎಂದು ಪೆನ್ನು ಕೊಟ್ಟ.

ವಿಜಯಶ್ರೀ ಪೆನ್ನು ತೆಗೆದುಕೊಂಡಳು. ಈ ಕೆಲಸ ಸಿಗದಿದ್ದರೆ ಚಿತ್ರ ಬಿಟ್ಟು ಜಾವಾ ಪ್ರೋಗ್ರಾಮಿಂಗ್ ಕೋಚಿಂಗಿಗೆ ಸೇರುತ್ತೇನೆಂದು ಅಪ್ಪ ಅಮರೇಶಪ್ಪನಿಗೆ ಮಾತು ಕೊಟ್ಟು ಬಂದಿದ್ದಳು. ಬೇಕಾದದ್ದು ಒಂದು ಹೆಸರು, ಅಷ್ಟೇ. ಆದರೆ ಅವಳ ಅವ್ವ ಶಿವದೇವಿ ಕಸೂತಿ ಹಾಕುವಾಕೆ. ಅವ್ವ ಎಳೆ ಎಣಿಸಿದಂತೆಯೇ ಮಗಳು ಪರದೆಯ ಮೇಲೆ ಚುಕ್ಕಿ ಎಣಿಸಿ ಒಂದೊಂದು ಮೆಣಸಿನಕಾಯಿಗೂ ಬಣ್ಣ ತುಂಬಿದ್ದಳು. ಮಕ್ಕಳಾಟವಂತೆ! ಅವಳಿಗೆ ಮೈಯೆಲ್ಲ ಉರಿಯಿತು.

“ಸರ್, ನಮ್ಮ ಕಡೆ ಕಸೂತಿ ತೋರಿಸಿದ್ರ ಮೊದಲ ಬಟ್ಟಿ ತಿರುವಿ ಹಿಂದ ನೋಡ್ತಾರ. ಅಲ್ಲಿ ಗಂಟಿದ್ರ ಮುಂದ ಎಷ್ಟ ಚಂದಿದ್ರೂ ಅದು ಕಸೂತಿ ಅಲ್ಲ. ನನ್ನ ಚಿತ್ರದಾಗ ಗಂಟಿಲ್ಲ. ಸುಳ್ಳ ಹೆಸರು ಬರದ್ರ ಅದ ಗಂಟಾಕ್ಕೈತಿ. ನಾ ಒಲ್ಲೆ.”

“ಹಾಗಾದ್ರೆ ಕೆಲಸ ಇಲ್ಲ.”

“ಬ್ಯಾಡ ಬಿಡ್ರಿ. ನಿಮ್ಮ ಸಾಫ್ಟ್‌ವೇರನೂ ಒಂದೀಟು ತಿರುವಿ ನೋಡೂಣೇನ್ರಿ? ಬಿಲ್ ತೋರಸ್ರಿ.”

ನಗುತ್ತಿದ್ದ ಹುಡುಗರು ತಮ್ಮ ತಮ್ಮ ಕುರ್ಚಿ ಸೇರಿಕೊಂಡರು. ರಾಘವೇಂದ್ರ ಅವಳ ಬಯೋಡೇಟಾ ಫೈಲನ್ನು ಅವಳತ್ತ ತಳ್ಳಿದ.

ಬಸ್ಸಿನಲ್ಲಿ ಅಳು ಬಂತು. ಇನ್ನು ಚಿತ್ರ ಬಿಡಬೇಕಲ್ಲ ಎಂಬ ಭಯಕ್ಕೆ ಬಂದದ್ದು, ಪಶ್ಚಾತ್ತಾಪಕ್ಕಲ್ಲ. ಮನೆಯಲ್ಲಿ ಅಮರೇಶಪ್ಪ ಬೈಯಲಿಲ್ಲ, “ಮಾತಂದ್ರ ಮಾತವ್ವಾ” ಎಂದ. ಸೋಮವಾರ ತಾನೇ ದಿಲ್‌ಸುಖ್‌ನಗರಕ್ಕೆ ಕರೆದೊಯ್ದು ಕೋಚಿಂಗ್ ಸೆಂಟರಿಗೆ ಸೇರಿಸಿದ.

ಮೇಷ್ಟ್ರು ತೆಲುಗಿನಲ್ಲಿ ಜಾವಾ ಶುರು ಮಾಡಿದರು. ವಿಜಯಶ್ರೀ ಹೇಳಿದ್ದನ್ನೆಲ್ಲ ಬರೆದುಕೊಂಡಳು. ಮಾತು ಕೊಟ್ಟಿದ್ದು ಕಲಿಯಲಿಕ್ಕೆ, ಕಲಿಯುತ್ತಾಳೆ. ಚಿತ್ರ ಬಿಡುವ ಮಾತೊಂದನ್ನು ಮಾತ್ರ ಅವಳಿಂದ ನಡೆಸಲಾಗಲಿಲ್ಲ. ಈ ಲ್ಯಾಬಿನಲ್ಲಿ ಸ್ಟುಡಿಯೋದ ಸಾಫ್ಟ್‌ವೇರ್ ಹುಡುಕಿದರೂ ಸಿಗುತ್ತಿರಲಿಲ್ಲ. ಪೇಂಟ್ ಮಾತ್ರ ಆ ಗೋಡೆಯಿಂದ ಈ ಗೋಡೆಯವರೆಗೆ ಎಲ್ಲ ಕಂಪ್ಯೂಟರಿನಲ್ಲೂ ಇತ್ತು. ಪಾಠದ ನಡುವೆ ಬಿಡುವು ಸಿಕ್ಕಿದ್ದೇ ಮೌಸ್ ಹಿಡಿದಳು. ಕರಿಹಲಗೆ, ಸೀಮೆಸುಣ್ಣ, ಮೇಷ್ಟ್ರ ಮೀಸೆ ಒಂದೊಂದಾಗಿ ಪರದೆಗೆ ಬಂದವು.

ಪಕ್ಕದ ಹುಡುಗಿ ಬಾಗಿ ನೋಡಿ ಬೆರಗಾಗಿ, ಇದು ಯಾವ ಸಾಫ್ಟ್‌ವೇರೆಂದು ತೆಲುಗಿನಲ್ಲಿ ಕೇಳಿದಳು. “ಇದಿ ಏಮ್ ಸಾಫ್ಟ್‌ವೇರ್?”

“ಪೇಂಟ್!” ಎಂದಳು ವಿಜಯಶ್ರೀ, ಮೇಷ್ಟ್ರಿಗೂ ಕೇಳುವಷ್ಟು ಜೋರಾಗಿ.