ಮದ್ದಿಲ್ಲದ ತೋಟಾ

ಆರು ಜನ ಒಟ್ಟಿಗೆ ಹಗ್ಗ ಸಡಿಲಿಸಿದರು. ಸಾರೆಲ್ ಕ್ರೀಲನ ಶವಪೆಟ್ಟಿಗೆ ಕಾರೂ ಎಂಬ ಬರಡು ಸೀಮೆಯ ಕಲ್ಲುಮಣ್ಣಿನೊಳಗೆ ಸದ್ದಿಲ್ಲದೆ ಇಳಿದು ಕೂತಿತು. ಅಂಗೈ ಉರಿಯುತ್ತಿದ್ದರೂ ಬಾರೆಂಡ್ ತನ್ನ ತುದಿಯನ್ನು ಎಲ್ಲರಿಗಿಂತ ಕೊನೆಗೆ ಬಿಟ್ಟ.

ಆಮೇಲೆ ಎಲ್ಲರೂ ಚರ್ಚಿನ ಸಭಾಂಗಣಕ್ಕೆ ಕಾಫಿಗೆ ಬಂದರು. ಸಾರೆಲ್ ಅದೇ ಬೀದಿಯಲ್ಲಿ ನಲವತ್ತೊಂದು ವರ್ಷ ಬಂದೂಕಿನ ಅಂಗಡಿ ಇಟ್ಟುಕೊಂಡಿದ್ದವನು. ಮಾತು ಬೇಗ ಅಲ್ಲಿಗೇ ಹೊರಳಿತು.

"ಮೂರು ಸಲ ಹೋದೆ," ಅಂದ ರುವಾನ್. ಹೊಸದಾಗಿ ಕುರಿ ಸಾಕಣೆಗೆ ಇಳಿದ ಹುಡುಗ; ಹಿರಿಯರನ್ನು ಊರ ರೂಢಿಯಂತೆ 'ಊಮ್', ಅಂದರೆ ಮಾಮ, ಅನ್ನುತ್ತಿದ್ದ. "ದೊಡ್ಡ ಬಂದೂಕು, ತ್ರೀ ಹಂಡ್ರೆಡ್ ಮ್ಯಾಗ್ನಮ್ ಕೊಡಿ ಊಮ್ ಅಂದ್ರೆ, ಏನು ಹೊಡೀತೀಯ, ಎಷ್ಟು ದೂರದಿಂದ ಅಂತ ಕೇಳಿ, ಸಣ್ಣ ಗುಂಡಿನ 243 ತಂದು ಮುಂದಿಡೋರು."

"ಮಾರೋಕೆ ಕೂತಿದ್ನೋ, ಬೇಡ ಅನ್ನೋಕೆ ಕೂತಿದ್ನೋ!" ಅಂದ ಯಾನಿ. ಎಲ್ಲರೂ ನಕ್ಕರು.

"ಅದು ಹೆಂಗಸರ ಬಂದೂಕು," ಅಂದ ರುವಾನ್.

"ಹಂಗಾದ್ರೆ ಊಮ್ ಬಾರೆಂಡ್ ಹಿಡಿಯೋದೂ 243 ಅಲ್ವಾ?" ಅಂತ ಇನ್ನೊಬ್ಬ ಹುಡುಗ ಕೇಳಿದ.

"ಅವರ ಕೈ ಬೇರೆ ಬಿಡಿ," ಅಂದ ರುವಾನ್. "ಅಂಥ ಗುರಿ ಇದ್ರೆ ಸಣ್ಣ ಗುಂಡೂ ಸಾಕು. ನಾವು ಹುಲುಮಾನವರು."

ಬಾರೆಂಡ್ ಎತ್ತಿದ ಕಾಫಿ ಕಪ್ ತುಟಿಯ ಹತ್ತಿರವೇ ನಿಂತಿತು. ಸುತ್ತಲ ಸೀಮೆಗೆಲ್ಲ ಸ್ಪ್ರಿಂಗ್‌ಬಾಕ್ ಜಿಂಕೆ ಹೊಡೆಯುವುದರಲ್ಲಿ ಅವನ ಹೆಸರೇ ಮೊದಲು.

*

ಮೂವತ್ತನಾಲ್ಕು ವರ್ಷದ ಹಿಂದೆ ಅವನ ಕೈಯಲ್ಲೂ ಮ್ಯಾಗ್ನಮ್ಮೇ ಇತ್ತು. ಆ ಚಳಿಗಾಲ ಗುರಿ ತಪ್ಪಿ ಮೂರು ಜಿಂಕೆಗಳನ್ನು ಬರೀ ಗಾಯಗೊಳಿಸಿ ಬಿಟ್ಟಿದ್ದ. ಕೊನೆಯದು ಹೊಟ್ಟೆ ಹರಿದುಕೊಂಡೇ ಬೇಲಿ ದಾಟಿ ಹೋಗಿತ್ತು. ಎರಡು ದಿನ ಹುಡುಕಿದರೂ ಸಿಗಲಿಲ್ಲ.

"ಬಂದೂಕಿನ ಮೇಲಿನ ದುರ್ಬೀನು ಕೆಟ್ಟಿದೆ, ನೋಡು," ಅಂತ ಸಾರೆಲನ ಬಳಿ ಹೋದ.

ಸಾರೆಲ್ ಅವನನ್ನು ಬತ್ತಿದ ಹೊಳೆಯ ಪಾತ್ರಕ್ಕೆ ಕರೆದೊಯ್ದು, ತಾನೇ ತೋಟಾ ತುಂಬಿ ತುಂಬಿ ಕೊಟ್ಟ. ಎರಡು ಗುಂಡು ಅಬ್ಬರಿಸಿದವು. ಮೂರನೆಯದಕ್ಕೆ ಬರೀ 'ಟಿಕ್' ಅಂತಷ್ಟೇ ಕೇಳಿಸಿತು. ಆದರೂ ಬಾರೆಂಡನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಭುಜ ಹಾರಿತ್ತು, ನಳಿಗೆ ನಾಲ್ಕು ಬೆರಳು ಕೆಳಗೆ ಹೋಗಿತ್ತು. ಸಾರೆಲ್ ಬೇಕಂತಲೇ ತುಂಬಿದ್ದ ಆ ತೋಟಾದಲ್ಲಿ ಮದ್ದೇ ಇರಲಿಲ್ಲ.

ಬಾರೆಂಡ್ ಮುಖ ಎತ್ತಲಿಲ್ಲ.

"ದುರ್ಬೀನಿಗೇನೂ ಆಗಿಲ್ಲ," ಅಂದ ಸಾರೆಲ್, ಪಕ್ಕದಲ್ಲಿ ಕೂತು. "ಬಂದೂಕು ಭುಜಕ್ಕೆ ಒದೆಯೋಕೆ ಮುಂಚೇನೇ ನೀನು ಬೆಚ್ಚಿ ಬೀಳ್ತೀಯ. ಇನ್ನೂರು ಗಜದಲ್ಲಿರೋ ಸ್ಪ್ರಿಂಗ್‌ಬಾಕಿಗೆ 243 ಧಾರಾಳ ಆಯ್ತು. ಕುಡು ಥರದ ದೊಡ್ಡ ಜಿಂಕೆ ಹೊಡೆಯೋದಿದ್ರೆ ನನ್ನ 308 ಬಂದೂಕು ಒಯ್ಯಿ, ಅದು ಇಷ್ಟು ಒದೆಯಲ್ಲ. ಗುಂಡು ಎಲ್ಲಿ ಬಿತ್ತು ಅನ್ನೋದಷ್ಟೇ ಜಿಂಕೆಗೆ ಗೊತ್ತಾಗೋದು."

"ಸಾರೆಲ್, ಇದನ್ನ ಯಾರಿಗೂ..."

"ಯಾವುದನ್ನ? ನಾವು ದುರ್ಬೀನು ನೋಡೋಕೆ ಬಂದಿದ್ವಿ."

ಆಮೇಲೆ ಜನ ಬಾರೆಂಡನ ಗುರಿಯನ್ನು ಹೊಗಳಿದಾಗೆಲ್ಲ ಸಾರೆಲ್ ಸುಮ್ಮನೆ ತಲೆಯಾಡಿಸುತ್ತಿದ್ದ.

*

ಬಾರೆಂಡ್ ಕಪ್ಪನ್ನು ಮೇಜಿನ ಮೇಲಿಟ್ಟ.

"ರುವಾನ್, ನನ್ನ ಕೈ ಬೇರೆ ಅಲ್ಲ ಕಣೋ. ಹೆದರಿಕೆಯಿಂದ 243 ಹಿಡಿದವನು ನಾನು." ಶುರುಮಾಡಿದವನು ನಿಲ್ಲಿಸಲಿಲ್ಲ; ಹೊಟ್ಟೆ ಹರಿದ ಜಿಂಕೆಯನ್ನೂ ಮದ್ದಿಲ್ಲದ ತೋಟಾವನ್ನೂ ಒಂದೂ ಬಿಡದೆ ಹೇಳಿದ. ಕಿವಿ ಕೆಂಪಾಗಿತ್ತು.

"ಹೊಳೆ ಪಾತ್ರದಲ್ಲೇನಾ?" ಅಂದ ಯಾನಿ ಮೆಲ್ಲಗೆ.

"ಹೌದು. ನಿಂಗೆ ಹೆಂಗೆ ಗೊತ್ತು?"

"ನಂಗೂ ಅಲ್ಲೇ. ನಾನೊಬ್ಬನೇ ಅಂದ್ಕೊಂಡಿದ್ದೆ."

ಗೋಡೆಯ ಬಳಿ ನಿಂತಿದ್ದ ಪೊಲೀಸ್ ಸಾರ್ಜೆಂಟ್ ತಟ್ಟೆ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

ಸಾರೆಲನ ಹೆಂಡತಿ ಹೆಸ್ಟರ್ ಬೆಳಗ್ಗೆಯಿಂದ ಮಾತಾಡಿರಲಿಲ್ಲ. ಈಗ ಕುರ್ಚಿಯಲ್ಲಿ ನೆಟ್ಟಗಾದಳು.

"ಅಷ್ಟು ವರ್ಷ ಪಕ್ಕದಲ್ಲೇ ಮಲಗಿದೀನಿ. ಒಂದು ದಿನ ಬಾಯಿ ಬಿಟ್ಟಿಲ್ಲ, ಆ ಮನುಷ್ಯ," ಅಂದಳು. "ಆ ಹೊಳೆಗೆ ಹೋದೋರು ಎಷ್ಟು ಜನ ಇದೀರಿ? ಕೈ ಎತ್ತಿ, ನಾನೂ ನೋಡ್ತೀನಿ."

ಮೊದಲು ಬಾರೆಂಡ್, ಆಮೇಲೆ ಯಾನಿ, ಸಾರ್ಜೆಂಟ್. ಕರೀ ಕೋಟಿನ ತೋಳುಗಳು ಒಂದೊಂದಾಗಿ ಮೇಲೆದ್ದವು. ರುವಾನ್ ನಗುತ್ತಾ ಸುತ್ತ ನೋಡಿದವನು ಕಿಟಕಿಯ ಕಡೆಗೆ ಕಣ್ಣು ಹೋದಾಗ ನಗು ನಿಲ್ಲಿಸಿದ. ಅಲ್ಲಿ ಅವನ ಅಪ್ಪ, ಎಲ್ಲರಿಗೂ ಬೆನ್ನು ಹಾಕಿ ಹೊರಗೆ ನೋಡುತ್ತಾ, ಕೈಯನ್ನು ಕಿವಿಯ ಮಟ್ಟದವರೆಗೆ ಎತ್ತಿ ನಿಂತಿದ್ದ.