ಹೊಳೆಗೆ ಮುಖ ಮಾಡಿ ಕೂತವರು

ಲಮೈ ದೊಡ್ಡಮ್ಮನ ಅಂಗಡಿಯಲ್ಲಿ ಉಣ್ಣುವವರ ಮುಖ ಅಡುಗೆಯವರಿಗೆ ಕಾಣುವುದಿಲ್ಲ. ಹೊಳೆಯ ಕಡೆಗೆ ಚಾಚಿಕೊಂಡ ಮರದ ಜಗಲಿಯ ಅಂಚಿನಲ್ಲಿ ನಾವೆಲ್ಲ ಸಾಲಾಗಿ ಕೂತು, ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಎದುರಿನ ಉದ್ದ ಹಲಗೆಯ ಮೇಲೆ ಬಟ್ಟಲಿಟ್ಟುಕೊಂಡು ಉಣ್ಣುತ್ತೇವೆ. ಒಲೆ ನಮ್ಮ ಬೆನ್ನ ಹಿಂದೆ. ಥಾಯ್ಲೆಂಡಿನ ಈ ಪಿಟ್ಸನುಲೋಕ್ ಊರಲ್ಲಿ ಹೊಳೆದಂಡೆಯ ಅಂಗಡಿಗಳೆಲ್ಲ ಹೀಗೇ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ರಸ್ತೆ ದಾಟಿದರೆ ಇದು ಸಿಗುತ್ತದೆ. ಮಧ್ಯಾಹ್ನದ ಮಟ್ಟಿಗೆ ನನ್ನ ಬೆನ್ನು ಲಮೈ ದೊಡ್ಡಮ್ಮನಿಗೆ ಸೇರಿದ್ದು.

'ಮುಖ ಸುಳ್ಳು ಹೇಳುತ್ತೆ ಕಣೋ. ಬೆನ್ನಿಗೆ ಅದು ಬರಲ್ಲ' ಎನ್ನುತ್ತಿದ್ದಳು ಅವಳು.

ಬಟ್ಟಲಲ್ಲಿ ಬರುವುದು ಒಂದೇ: ಅಕ್ಕಿ ಶಾವಿಗೆ, ಕೆಂಪಗೆ ಸುಟ್ಟ ಹಂದಿಮಾಂಸದ ಹೋಳು, ಓರೆಯಾಗಿ ಹೆಚ್ಚಿದ ಅಲಸಂದೆ ಕಾಯಿ, ಕುಟ್ಟಿದ ಕಡಲೆಬೀಜ, ಮೇಲೆ ಮೂಳೆಸಾರು. ಹಲಗೆಯ ಮೇಲೆ ಅಲ್ಲಲ್ಲಿ ನಾಲ್ಕು ಡಬ್ಬಿಗಳ ತಟ್ಟೆ. ಸಕ್ಕರೆ, ಒಣಮೆಣಸಿನ ಪುಡಿ, ಮೀನಿನ ರಸ, ಹಸಿಮೆಣಸು ತೇಲುವ ಹುಳಿನೀರು. ಬಟ್ಟಲು ಹಲಗೆ ಮುಟ್ಟುವ ಮೊದಲೇ ನನ್ನ ಕೈ ಸಕ್ಕರೆಗೆ ಹೋಗಿರುತ್ತದೆ. ಯಾಕೆಂದು ಯೋಚಿಸಿದವನಲ್ಲ. ಚಪ್ಪಲಿ ಮೆಟ್ಟುವಾಗ ಯಾರು ಯೋಚಿಸುತ್ತಾರೆ?

ಈ ವರ್ಷ ದೊಡ್ಡಮ್ಮನ ಮಂಡಿ ಕೈಕೊಟ್ಟಿತು. ಒಲೆ ಮುಂದೆ ನಿಲ್ಲುವುದಾಗದೆ ತಂಗಿಯ ಮಗಳು ಜಿಯಪ್‌ಳನ್ನು ಕರೆಸಿದಳು. ಸಮುದ್ರದ ಕಡೆ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿದ್ದ ಹುಡುಗಿ, ಕೆಲಸ ಬಿಟ್ಟು ಬಂದಳು. ಅದೇ ಹೊತ್ತಿಗೆ ಪಟ್ಟಣದ ಕಾಫಿಯವನೊಬ್ಬ ಜಾಗ ಕೇಳಿಕೊಂಡು ಬರತೊಡಗಿದ್ದ. ಗಾಜು ಹಾಕಿ, ಏಸಿ ಹಾಕಿ, ಹೊಳೆಯನ್ನು ಒಳಗಿಂದ ತೋರಿಸುತ್ತಾನಂತೆ.

ದೊಡ್ಡಮ್ಮ ನಮ್ಮೆಲ್ಲರ ಎದುರೇ ಹೇಳಿದಳು: 'ಆಷಾಢ ಹುಣ್ಣಿಮೆ ತನಕ ಸೌಟು ನಿನ್ನ ಕೈಲಿರುತ್ತೆ. ನಾನು ಬಾಯಿ ಹಾಕಲ್ಲ. ಜನ ನಿನ್ನ ಕೈಗೆ ಬಂದ್ರೆ ಅಂಗಡಿ ನಿಂದು. ಬರದಿದ್ರೆ ಕಾಫಿಯವನದು. ಆಮೇಲೆ ಅಳಬಾರದು.'

'ನಾನ್ಯಾಕೆ ಅಳಲಿ' ಎಂದಳು ಜಿಯಪ್. ಅಂಗಡಿ ಬೇಕೆಂಬ ಆಸೆ ಅವಳ ಮುಖದಲ್ಲೇ ಇತ್ತು. ಹೋಟೆಲಲ್ಲಿ ಇಷ್ಟು ವರ್ಷ ಬೇರೆಯವರ ಹೆಸರಿನ ಅಡುಗೆ ಮಾಡಿದ್ದೇನೆ, ಅದು ಸಾಕು ಎಂದು ನನಗೊಮ್ಮೆ ಹೇಳಿದ್ದಳು.

ಅವಳ ಸಾರು ಚೆನ್ನಾಗಿತ್ತು. ಮೂಳೆಯನ್ನು ಬೆಳಗಿನ ಜಾವದಿಂದ ಸಣ್ಣ ಉರಿಯಲ್ಲಿಟ್ಟು, ನೊರೆ ತೆಗೆದು, ತಾಳೆಬೆಲ್ಲ ಕರಗಿಸಿ, ಕೊನೆಗೆ ಹುರಿದ ಬೆಳ್ಳುಳ್ಳಿ. ಆದರೆ ಒಲೆಯ ಹಿಂದೆ ನಿಂತವಳಿಗೆ ಕಂಡದ್ದು ನಮ್ಮ ಮೊಣಕೈಗಳು. ಬಟ್ಟಲು ಬಂದ ಕೂಡಲೇ ಸಾಲಿಗೆ ಸಾಲೇ ಡಬ್ಬಿಗಳತ್ತ ಚಾಚುವ ಮೊಣಕೈಗಳು. ಒಬ್ಬರೂ ರುಚಿ ನೋಡುತ್ತಿರಲಿಲ್ಲ.

ಒಂದು ಸೋಮವಾರ ಬಂದು ಕೂತರೆ ಹಲಗೆ ಬೋಳಾಗಿತ್ತು.

'ಡಬ್ಬಿ ಎಲ್ಲಿ?' ನಾನು ತಿರುಗಿ ಕೇಳಿದೆ.

'ತೆಗೆದಿಟ್ಟೆ. ಸಾರಲ್ಲಿ ಎಲ್ಲಾ ಇದೆ ಅಣ್ಣ, ಕುಡಿದು ನೋಡು.'

ನಿಜ, ಎಲ್ಲಾ ಇತ್ತು. ಉಪ್ಪು ಎಷ್ಟಿರಬೇಕೋ ಅಷ್ಟು, ಹುಳಿ ಎಷ್ಟಿರಬೇಕೋ ಅಷ್ಟು. ಕೈಗೆ ಮಾತ್ರ ಮಾಡಲು ಏನೂ ಇರಲಿಲ್ಲ. ಬೇರೆಯವರ ಮದುವೆಯಲ್ಲಿ ಉಂಡಂತೆ ಉಂಡು ಎದ್ದೆ.

ಆ ವಾರ ಒಬ್ಬೊಬ್ಬರದು ಒಂದೊಂದು ಮಾತು. ಬ್ಯಾಂಕಾಕಿನಿಂದ ಬಂದ ಗಂಡಹೆಂಡತಿ ಬಟ್ಟಲಿನ ಫೋಟೊ ತೆಗೆದು, ಇಂಥ ಸಾರು ಜನ್ಮದಲ್ಲಿ ಕುಡಿದಿಲ್ಲ ಎಂದು ಹೊಗಳಿ, ಮತ್ತೆ ಬರುವುದಾಗಿ ಹೇಳಿ ಹೋದರು, ಬರಲಿಲ್ಲ. ಆಸ್ಪತ್ರೆಯ ಇಬ್ಬರು ದಾದಿಯರು ಮೆಣಸಿನ ಪುಡಿ ಕೇಳಿ, ಇಲ್ಲವೆಂದಾಗ ಮುಖ ಮುಖ ನೋಡಿಕೊಂಡು ಪಕ್ಕದ ಅಂಗಡಿಗೆ ಹೋದರು. ಟೆಂಪೊ ಓಡಿಸುವ ಪ್ರಸೋಂಗ್ ಮಾತ್ರ ಜಗ್ಗಲಿಲ್ಲ. ಅಂಗಿ ಜೇಬಿನಿಂದ ಪೊಟ್ಟಣ ತೆಗೆದು, ಆಚೀಚೆ ನೋಡಿ, ಕಳ್ಳಸಾಗಣೆ ಮಾಡುವವನಂತೆ ಸಕ್ಕರೆ ಸುರಿದುಕೊಂಡ.

'ಪ್ರಸೋಂಗಣ್ಣ, ಕಾಣಿಸ್ತಿದೆ' ಎಂದಳು ಹಿಂದಿನಿಂದ ಜಿಯಪ್.

'ಕಾಣಲಿ ಬಿಡು ತಾಯಿ. ಮನೇಲಿ ಹೆಂಡತಿ ಹೇಳಿದ್ದು, ರಸ್ತೇಲಿ ಪೊಲೀಸ್ನೋರು ಹೇಳಿದ್ದು. ನಾನು ಅಂತ ತೀರ್ಮಾನ ಮಾಡೋದು ದಿನಕ್ಕೆ ಇದೊಂದೇ, ಸಕ್ಕರೆ ಎಷ್ಟು ಅಂತ. ಅದನ್ನೂ ಕಿತ್ಕೋತೀಯಾ?'

ಸಾಲು ನಕ್ಕಿತು. ಜಿಯಪ್ ನಗಲಿಲ್ಲ. ನಿವೃತ್ತ ವಿಚಿಯನ್ ಮೇಷ್ಟ್ರು ತಮ್ಮ ಬಟ್ಟಲನ್ನು ಅರ್ಧಕ್ಕೇ ಬಿಟ್ಟು, ಬಹಳ ಚೆನ್ನಾಗಿತ್ತಮ್ಮ ಎಂದು ಕೈಮುಗಿದು ಹೋದರು. ಅದು ಪ್ರಸೋಂಗನ ಪೊಟ್ಟಣಕ್ಕಿಂತ ಹೆಚ್ಚು ನೋಯಿಸಿತೆಂದು ಕಾಣುತ್ತದೆ. ಆ ಅರೆ ಬಟ್ಟಲನ್ನು ಎತ್ತಿ ಅವಳು ಮೂಸಿ ನೋಡಿದ್ದನ್ನು ನಾನು ಕಂಡೆ.

ಜೂನ್ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ಹಲ್ಲುದುರಿದ ಬಾಯಿಯಂತೆ ಸಂದುಗಳಿದ್ದವು. ಕಾಫಿಯವನು ಅಳತೆ ಟೇಪು ತಂದು ಜಗಲಿ ಅಳೆದುಕೊಂಡು ಹೋದ. ದೊಡ್ಡಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅಲಸಂದೆಯ ನಾರು ತೆಗೆಯುತ್ತಿದ್ದಳು. ಬಾಯಿ ಹಾಕುವುದಿಲ್ಲವೆಂದ ಮೇಲೆ ಹಾಕಲಿಲ್ಲ. ನಾರನ್ನು ಮಾತ್ರ ಬಹಳ ಜೋರಾಗಿ ಎಳೆಯುತ್ತಿದ್ದಳು.

ಒಂದು ಮಧ್ಯಾಹ್ನ ನಾನು, ಮೇಷ್ಟ್ರು ಬಿಟ್ಟರೆ ಬೇರೆ ಗಿರಾಕಿಗಳಿಲ್ಲದೆ ಜಿಯಪ್ ಬಂದು ನನ್ನ ಪಕ್ಕ ಕೂತಳು.

'ಏನು ಕಡಿಮೆ ಹೇಳು. ಮುಲಾಜು ಬೇಡ.'

'ಕಡಿಮೆ ಏನಿಲ್ಲ.'

'ಮತ್ತೆ?'

'ಅದೇ. ಕಡಿಮೆ ಏನೂ ಇಲ್ಲ.'

'ಒಗಟು ಹೇಳ್ಬೇಡ ಅಣ್ಣ, ಕನ್ನಡಕ ಮಾರೋನು ನೀನು.'

ಆಗ ಮೇಷ್ಟ್ರು ಆ ಕಡೆಯಿಂದ ಮೆಲ್ಲಗೆ ಕೆಮ್ಮಿದರು. ಅವರು ಅರ್ಧ ಬಿಟ್ಟರೂ ಬರುವುದನ್ನು ಬಿಟ್ಟಿರಲಿಲ್ಲ. 'ಊಟ ತನ್ನಿಚ್ಛೆ ಅಂತಾರಲ್ಲಮ್ಮ. ನೀನು ಮಾಡಿದ್ದು ಪೂರ್ತಿ ಆಗಿಬಿಟ್ಟಿದೆ. ನನಗೆ ಅದರಲ್ಲಿ ಕೂರೋಕೆ ಜಾಗ ಇಲ್ಲ.'

'ಆದ್ರೆ ನೀವು ರುಚಿನೇ ನೋಡ್ತಿರ್ಲಿಲ್ವಲ್ಲ ಮೇಷ್ಟ್ರೇ. ಬಿಸಿನೀರು ಕೊಟ್ಟಿದ್ರೂ ಗೊತ್ತಾಗ್ತಿರ್ಲಿಲ್ಲ.'

ಮೇಷ್ಟ್ರು ತಲೆಯಾಡಿಸಿದರು. 'ಅದೂ ನಿಜ. ಅದು ನಮ್ಮ ತಪ್ಪು.'

ಮರುದಿನ ಡಬ್ಬಿಗಳು ಹಲಗೆಯ ಮೇಲಿದ್ದವು, ಉಜ್ಜಿ ತೊಳೆದು ಹೊಳೆಯುತ್ತಿದ್ದವು. ಬಟ್ಟಲು ಕೊಡುವ ಮುಂಚೆ ಜಿಯಪ್ ನಮ್ಮ ಬೆನ್ನುಗಳಿಗೆ ಹೇಳಿದಳು: 'ಮೊದಲ ಚಮಚ ನಂದು. ಏನೂ ಹಾಕದೆ ಕುಡೀಬೇಕು. ಆಮೇಲಿಂದು ನಿಮ್ಮದು, ಸಕ್ಕರೆಲಿ ಈಜಾಡಿ ಬೇಕಾದ್ರೆ.'

'ಒಂದೇ ಚಮಚ ತಾನೆ?' ಎಂದ ಪ್ರಸೋಂಗ್. 'ದೇವಸ್ಥಾನದಲ್ಲಿ ಇದಕ್ಕಿಂತ ಜಾಸ್ತಿ ಕೇಳ್ತಾರೆ.'

ನಾವು ಕುಡಿದೆವು. ಸಾಲು ಒಟ್ಟಿಗೆ ಬಾಗಿತು, ಕೈಗಳು ಡಬ್ಬಿಯಿಂದ ದೂರವಿದ್ದವು, ಹೊಳೆಯ ಮೇಲಿಂದ ಗಾಳಿ ಬಂತು. ಮೂಳೆಯ ರುಚಿಯ ಹಿಂದೆ ತಾಳೆಬೆಲ್ಲದ ಹೊಗೆವಾಸನೆ ಇತ್ತು. ನಂತರ ಪ್ರಸೋಂಗ್ ಎಂದಿನಷ್ಟೇ ಸಕ್ಕರೆ ಹಾಕಿಕೊಂಡ. ನಾನು ಅರ್ಧಕ್ಕೆ ಇಳಿಸಿದೆ, ಒಂದು ವಾರದ ಮೇಲೆ ಮತ್ತೆ ಪೂರ್ತಿಗೆ ಏರಿಸಿದೆ. ಮೇಷ್ಟ್ರು ಹುಳಿನೀರಿನ ನಾಲ್ಕು ಹನಿಯಲ್ಲಿ ತೃಪ್ತರಾದರು. ದಾದಿಯರು ಮರಳಿ ಬಂದು, ಮೊದಲ ಚಮಚಕ್ಕೇ 'ಇವತ್ತು ಉಪ್ಪು ಮುಂದಾಯ್ತು ಅಕ್ಕ' ಎಂದರು. ಜಿಯಪ್ ತಾನೂ ಒಂದು ಚಮಚ ಕುಡಿದು ನೋಡಿ, ಸಾರಿಗೆ ನೀರು ಬೆರೆಸಿದಳು. ಈ ನಿಯಮವೆಲ್ಲ ಏನು, ನಾನೇನು ಶಾಲೆ ಹುಡುಗನೇ ಎಂದು ಗೊಣಗಿ ಎದ್ದುಹೋದವರೂ ಇದ್ದರು. ಅವರು ತಿರುಗಿ ಬರಲಿಲ್ಲ. ಆದರೂ ಸಾಲು ಹೆಚ್ಚುಕಡಿಮೆ ತುಂಬಿತು.

ಹುಣ್ಣಿಮೆಯ ಹಿಂದಿನ ದಿನ ದೇವಸ್ಥಾನಕ್ಕೆ ಮೇಣದಬತ್ತಿ ಒಯ್ಯುವವರಿಂದ ರಸ್ತೆ ಗಿಜಿಗುಡುತ್ತಿತ್ತು. ಲಮೈ ದೊಡ್ಡಮ್ಮ ಕುರ್ಚಿಯಿಂದೆದ್ದು, ಮಂಡಿ ಹಿಡಿದುಕೊಂಡು ಬಂದು, ನನ್ನ ಮತ್ತು ಪ್ರಸೋಂಗನ ನಡುವೆ ಜಾಗ ಮಾಡಿಸಿಕೊಂಡು ಕೂತಳು. ಅವಳು ನಮ್ಮ ಕಡೆ ಕೂತಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಇಳಿಬಿಟ್ಟ ಕಾಲುಗಳನ್ನು ತಾನೇ ಬಗ್ಗಿ ನೋಡಿಕೊಂಡಳು.

'ಒಂದು ಬಟ್ಟಲು' ಎಂದಳು, ತಿರುಗದೆ.

ಜಿಯಪ್ ತಂದಿಟ್ಟು ಒಲೆಯ ಹಿಂದೆ ಹೋಗಿ ನಿಂತಳು. ಸೌಟು ಅವಳ ಕೈಯಲ್ಲೇ ಉಳಿದಿತ್ತು. ಅವಳಿಗೆ ಕಾಣುತ್ತಿದ್ದದ್ದು ಒಂದು ಹಳೆಯ ರವಿಕೆಯ ಬೆನ್ನು, ಅಷ್ಟೆ. ಪಕ್ಕದಲ್ಲಿದ್ದ ನನಗೆ ಮುಖ ಕಂಡಿತು. ದೊಡ್ಡಮ್ಮ ಮೊದಲ ಚಮಚ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ನುಂಗಲು ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಕೈ ಚಾಚಿ ಹುಳಿನೀರು ಎರಡು ಚಮಚ ಹಾಕಿಕೊಂಡಳು. ಮೊಣಕೈ ಆಡಿದ್ದು ಹಿಂದಿನಿಂದ ಕಂಡಿರಬೇಕು. ಸೌಟು ಪಾತ್ರೆಯ ಅಂಚಿಗೆ ತಗುಲಿದ ಸದ್ದಾಯಿತು.

'ಚೆನ್ನಾಗಿಲ್ವಾ ದೊಡ್ಡಮ್ಮ?' ಜಿಯಪ್‌ಳ ದನಿ ಸಣ್ಣದಾಗಿತ್ತು.

'ನನ್ನ ಸಾರಿಗೂ ನಾನು ಹಾಕ್ಕೋತಿದ್ದೆ ಕಣೇ. ನನ್ನ ನಾಲಿಗೆ ಹುಳಿ ಕೇಳುತ್ತೆ, ಅದಕ್ಕೆ ಊರಿಗೆಲ್ಲ ಹುಳಿ ಕುಡಿಸ್ಲಾ?'

ಪ್ರಸೋಂಗ್ ತಲೆ ತಗ್ಗಿಸಿ ಶಾವಿಗೆ ಎಳೆದುಕೊಂಡ. ದೊಡ್ಡಮ್ಮ ಕೊನೆಯ ಹನಿಯವರೆಗೆ ಕುಡಿದು, ಬಟ್ಟಲನ್ನು ಹಲಗೆಯ ಮೇಲೆ ಮುಂದಕ್ಕೆ ಸರಿಸಿದಳು.

'ಇನ್ನೊಂದು ಕೊಡು. ಹಂದಿ ಸ್ವಲ್ಪ ಜಾಸ್ತಿ ಹಾಕು, ಮನೆಯವಳು ನಾನು. ನಾಳೆ ಆ ಕಾಫಿ ಹುಡುಗ ಬರ್ತಾನಲ್ಲ, ಅವನಿಗೂ ಒಂದು ಬಟ್ಟಲು ಕೊಡು. ಪಾಪ, ಉಂಡ್ಕೊಂಡಾದ್ರೂ ಹೋಗ್ಲಿ.'